ಪುಣ್ಯಕೋಟಿ ಸತ್ತ ಮೇಲೆ

1

ಕನ್ನಡದ ದಲಿತ ಚಳವಳಿಯ ಹುಟ್ಟಿನಲ್ಲೇ ದನದ ಮೇವಿನ ಮಾತೊಂದಿದೆ. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಮಾತಾಡುತ್ತಾ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂಬರ್ಥದ ಮಾತಾಡಿದರು. ಗಲಾಟೆಯಾಯಿತು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಕೊನೆಗೆ ಅವರು ಮಂತ್ರಿ ಪದವಿಯನ್ನೇ ಬಿಡಬೇಕಾಯಿತು. ಈ ಪ್ರಕರಣವನ್ನು ಸಾಹಿತ್ಯ ಮತ್ತು ಯಜಮಾನಿಕೆಯ ಪ್ರಶ್ನೆಯಾಗಿ ನಾವು ಸಾಕಷ್ಟು ಚರ್ಚಿಸಿದ್ದೇವೆ. ಆದರೆ ಆ ಪದವನ್ನೇ ಹಿಡಿದು ಯಾರೂ ಕೂತಿಲ್ಲ. ಬೂಸಾ ಅನ್ನುವುದು ಬೈಗುಳ ಆದದ್ದು ಹೇಗೆ? ಕಾಳು ಮನುಷ್ಯನಿಗೆ, ಹೊಟ್ಟು ದನಕ್ಕೆ. ದನ ತಿನ್ನುವುದು ಕೀಳು ಎಂಬ ತಿಳಿವಳಿಕೆ ಆ ಮಾತು ಆಡಿದವರಿಗೂ ಇತ್ತು, ಕೇಳಿ ಸಿಟ್ಟಿಗೆದ್ದವರಿಗೂ ಇತ್ತು. ವಿಚಿತ್ರ ಏನೆಂದರೆ, ಸಿಟ್ಟಿಗೆದ್ದವರಲ್ಲಿ ಬಹಳ ಜನ ದನವನ್ನು ಪೂಜೆ ಮಾಡುವವರು. ಕೈಮುಗಿಯುವ ಪ್ರಾಣಿಯ ಊಟ ಬೈಗುಳವಾಗುತ್ತದೆ ಅಂದರೆ ಆ ಪೂಜೆ ಯಾವುದಕ್ಕೆ ನಡೆಯುತ್ತಿದೆ?

ಪ್ರಾಣಿದಯೆ, ಪ್ರಾಣಿಗಳ ಹಕ್ಕು, ಪ್ರಕೃತಿಯ ಮೇಲೆ ಮನುಷ್ಯನ ದಬ್ಬಾಳಿಕೆ ಇವನ್ನೆಲ್ಲ ಎತ್ತಿದ ಕೂಡಲೇ ನಮ್ಮ ಗೆಳೆಯರಲ್ಲಿ ಎರಡು ಪ್ರತಿಕ್ರಿಯೆ ಬರುತ್ತವೆ. ಒಂದು, ಇದು ಹೊಟ್ಟೆ ತುಂಬಿದವರ ಮಾತು, ನಮಗೆ ಬೇಡ ಅನ್ನುವುದು. ಇನ್ನೊಂದು ಮೌನ. ಮೊದಲನೆಯದಕ್ಕೆ ಕಾರಣ ಇದೆ. ಪ್ರಾಣಿದಯೆಯ ಹೆಸರಿನಲ್ಲಿ ಏಟು ತಿಂದವರು ನಾವೇ. ಆದರೆ ಈ ಪ್ರಶ್ನೆಯನ್ನು ಅವರ ಕೈಗೇ ಬಿಟ್ಟುಕೊಟ್ಟು ಬರುವುದರಿಂದ ನಮಗೆ ನಷ್ಟ ಅನ್ನುವುದು ನನ್ನ ವಾದ. ಪ್ರಾಣಿಯ ಜೊತೆ ಮಲಗಿ ಎದ್ದವರು, ಅದರ ಬೇನೆ ನೋಡಿದವರು, ಅದು ಸತ್ತಾಗ ಹೊತ್ತವರು ಕೇರಿಯವರು. ಈ ತಿಳಿವಳಿಕೆಯಿಂದ ಕನ್ನಡದ ಕೆಲವು ಪಠ್ಯಗಳನ್ನೂ ಕೆಲವು ಕಾಯಿದೆಗಳನ್ನೂ ಓದಿದರೆ ಏನು ಕಾಣುತ್ತದೆ ಎಂದು ನೋಡುವುದು ಇಲ್ಲಿಯ ಉದ್ದೇಶ.

2

ಗೋವಿನ ಹಾಡನ್ನು ಕೇಳದ ಕನ್ನಡದ ಮಗು ಇರಲಾರದು. ಕವಿಯ ಹೆಸರಿಲ್ಲದ ಈ ಹಾಡು ನಮ್ಮ ಶಾಲೆಗಳಲ್ಲಿ ಪ್ರಾರ್ಥನೆಯಷ್ಟೇ ಗಟ್ಟಿಯಾಗಿ ಕೂತಿದೆ. ಅದರ ಚೆಲುವನ್ನು ನಾನು ಅಲ್ಲಗಳೆಯುವುದಿಲ್ಲ. ತಬ್ಬಲಿಯಾಗಲಿರುವ ಕರುವನ್ನು ತಾಯಿ ಉಳಿದ ಹಸುಗಳಿಗೆ ಒಪ್ಪಿಸುವ ಭಾಗ ಎಂಥವರ ಗಂಟಲನ್ನೂ ಕಟ್ಟಿಸುತ್ತದೆ. ಅದು ಜನಪದದ ಶಕ್ತಿ. ಆದರೆ ಹಾಡಿನ ಕಟ್ಟಡವನ್ನು ನೋಡಿ. ಅಲ್ಲಿ ಸಾಯುವುದು ಹುಲಿ. ಯಾಕೆ ಸಾಯುತ್ತದೆ? ತನ್ನ ಊಟಕ್ಕೆ ತಾನೇ ನಾಚಿ ಸಾಯುತ್ತದೆ. ಹುಲ್ಲು ತಿನ್ನುವ ಹಸು ಹುಲ್ಲು ತಿಂದದ್ದಕ್ಕೆ ಪುಣ್ಯವಂತೆ, ಮಾಂಸ ತಿನ್ನುವ ಹುಲಿ ಮಾಂಸ ತಿನ್ನಲು ಬಂದದ್ದಕ್ಕೆ ಪಾಪಿ. ತರಗತಿಯಲ್ಲಿ ಈ ಹಾಡು ಕೇಳುತ್ತಾ ಕೂತ ಕೇರಿಯ ಮಗು ರಾತ್ರಿ ತನ್ನ ಮನೆಯಲ್ಲಿ ಏನು ಉಂಡಿದೆ ಎಂಬುದನ್ನು ಯಾರಿಗೂ ಹೇಳದೆ ಕೂತಿರುತ್ತದೆ. ಊಟಕ್ಕೆ ನಾಚುವುದನ್ನು ನಮ್ಮ ಮಕ್ಕಳು ಹುಲಿಯಿಂದ ಕಲಿಯುತ್ತಾರೆ.

ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಈ ಹಾಡಿನಲ್ಲಿ ಹಸು ಸಾಯುವುದಿಲ್ಲ. ಕನ್ನಡದ ಕಲ್ಪನೆಯಲ್ಲಿ ಪುಣ್ಯಕೋಟಿಗೆ ಮುಪ್ಪಿಲ್ಲ, ಬೇನೆಯಿಲ್ಲ, ಸಾವಿಲ್ಲ. 2022ರಲ್ಲಿ ಸರ್ಕಾರ ಗೋವುಗಳ ದತ್ತು ಯೋಜನೆ ತಂದಾಗ ಅದಕ್ಕೂ ಪುಣ್ಯಕೋಟಿ ಎಂದೇ ಹೆಸರಿಟ್ಟಿತು. ಯಾಕೆ ಆ ಹಸು ಸಾಯಬಾರದು? ಸತ್ತರೆ ಹಾಡಿನೊಳಕ್ಕೆ ಒಬ್ಬ ಮಾದಿಗ ಬರಬೇಕಾಗುತ್ತದೆ. ಅವನನ್ನು ಕರೆಯಲು ಕೇರಿಗೆ ಆಳು ಹೋಗಬೇಕು. ಅವನು ಬಂದು ಕಾಲು ಕಟ್ಟಿ ಊರಾಚೆಗೆ ಎಳೆದು ಹಾಕಬೇಕು, ತೊಗಲು ಸುಲಿಯಬೇಕು, ಸುಣ್ಣ ಹಾಕಿ, ತಂಗಡಿ ಚಕ್ಕೆ ಹಾಕಿ ಹದ ಮಾಡಬೇಕು. ಆ ತೊಗಲು ಮಿಣಿಯಾಗಿ, ಬಾರುಕೋಲಾಗಿ, ಕಪಿಲೆಯ ಬಾನಿಯಾಗಿ, ಗೌಡರ ಕಾಲಿನ ಮೆಟ್ಟಾಗಿ ಊರಿನೊಳಕ್ಕೆ ವಾಪಸ್ಸು ಬರಬೇಕು. ತೊಗಲಿಗೆ ಊರೊಳಗೆ ಪ್ರವೇಶ ಇದೆ, ಹದ ಮಾಡಿದ ಕೈಗೆ ಇಲ್ಲ. ಕಾಳಿಂಗನೆಂಬ ಗೊಲ್ಲನ ದೊಡ್ಡಿಯಿಂದ ಶುರುವಾಗುವ ಹಾಡು ಈ ಕಡೆಗೆ ಬಂದಿದ್ದರೆ ಅದು ಬೇರೆಯದೇ ಕಾವ್ಯವಾಗುತ್ತಿತ್ತು.

ಹಾಗೆ ನೋಡಿದರೆ ಆ ಬೇರೆ ಕಾವ್ಯದ ತುಣುಕುಗಳು ನಮ್ಮಲ್ಲಿ ಇಲ್ಲದೆ ಇಲ್ಲ. ಹನ್ನೆರಡನೆಯ ಶತಮಾನದಲ್ಲಿ ಮಾದಾರ ಧೂಳಯ್ಯ ತೊಗಲಿನ ಕಸುಬಿನ ಮಾತನ್ನೇ ಅನುಭಾವದ ಮಾತು ಮಾಡಿಕೊಂಡ. ಹರಳಯ್ಯ ದಂಪತಿಗಳು ಬಸವಣ್ಣನಿಗಾಗಿ ತಮ್ಮ ತೊಡೆಯ ಚರ್ಮದಿಂದಲೇ ಚಮ್ಮಾವುಗೆ ಮಾಡಿದರೆಂಬ ಕಥೆ ಇದೆ. ಪುಣ್ಯಕೋಟಿ ತನ್ನ ಮೈಯನ್ನು ಹುಲಿಗೆ ಕೊಡಲು ಹೋದಳು, ಹುಲಿ ತೆಗೆದುಕೊಳ್ಳಲಿಲ್ಲ. ಹರಳಯ್ಯ ಕೊಟ್ಟ, ಚರ್ಮ ಸುಲಿದೇ ಹೋಯಿತು. ಒಂದೇ ಸಂಸ್ಕೃತಿಯ ಈ ಎರಡು ಕಥೆಗಳನ್ನು ಪಕ್ಕಪಕ್ಕ ಇಟ್ಟು ಓದುವುದನ್ನು ನಮ್ಮ ವಿಮರ್ಶೆ ಇನ್ನೂ ಮಾಡಬೇಕಾಗಿದೆ.

3

ದಯೆಗೂ ನೋವಿಗೂ ಸಂಬಂಧ ಇರಬೇಕಷ್ಟೆ. ನಮ್ಮ ಕಾಯಿದೆಗಳಲ್ಲಿ ಆ ಸಂಬಂಧ ಹೇಗಿದೆ ನೋಡೋಣ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆಯಲು 1960ರಲ್ಲಿ ಕೇಂದ್ರ ಕಾಯಿದೆಯೊಂದು ಬಂತು. ಪ್ರಾಣಿಯನ್ನು ಹೊಡೆಯುವುದು, ತಾಳಲಾರದಷ್ಟು ಹೊರೆ ಹೇರುವುದು, ಮೇವು ನೀರು ಕೊಡದೆ ಕಟ್ಟಿಹಾಕುವುದು ಎಲ್ಲವೂ ಅದರ ಪ್ರಕಾರ ಅಪರಾಧ. ಮೊದಲ ಸಲದ ತಪ್ಪಿಗೆ ಅದು ಇಟ್ಟ ದಂಡ 10 ರೂಪಾಯಿಯಿಂದ 50 ರೂಪಾಯಿ. ಇನ್ನು ಗೋಹತ್ಯೆಯ ಕಾಯಿದೆ. ಕರ್ನಾಟಕದ 1964ರ ಕಾಯಿದೆ 12 ವರ್ಷ ದಾಟಿದ ಎತ್ತು, ಹೋರಿ, ಎಮ್ಮೆಗಳನ್ನು ಸರ್ಟಿಫಿಕೇಟು ಪಡೆದು ಕಡಿಯಲು ಬಿಡುತ್ತಿತ್ತು. 2020ರಲ್ಲಿ ವಿಧಾನಸಭೆಗೆ ಬಂದು 2021ರಲ್ಲಿ ಜಾರಿಯಾದ ಹೊಸ ಕಾಯಿದೆ 13 ವರ್ಷ ದಾಟಿದ ಎಮ್ಮೆ ಕೋಣಗಳನ್ನು ಬಿಟ್ಟು ಉಳಿದೆಲ್ಲ ಜಾನುವಾರುಗಳ ವಧೆ ನಿಷೇಧಿಸಿತು. ಶಿಕ್ಷೆ 3ರಿಂದ 7 ವರ್ಷ ಜೈಲು.

ಅಂದರೆ ಹಸುವನ್ನು ಉಪವಾಸ ಕೆಡವಿ ನಿಧಾನವಾಗಿ ಕೊಂದರೆ ಐವತ್ತು ರೂಪಾಯಿ, ಕತ್ತಿಯಿಂದ ಕೊಂದರೆ ಏಳು ವರ್ಷ! ಹಸುವಿನ ನೋವು ಕಾಯಿದೆಯ ಕಾಳಜಿಯಾಗಿದ್ದರೆ ಈ ಲೆಕ್ಕ ಹೀಗಿರುತ್ತಿರಲಿಲ್ಲ. ಇಲ್ಲಿ ಕಾಯಲ್ಪಡುತ್ತಿರುವುದು ಪ್ರಾಣಿಯಲ್ಲ, ಮಡಿ. ಹಸು ಹೇಗೆ ಬದುಕುತ್ತದೆ ಎಂಬುದು ಈ ದಯೆಗೆ ಬೇಕಿಲ್ಲ. ಯಾರ ಕೈಯಲ್ಲಿ ಸಾಯುತ್ತದೆ, ಯಾರ ಹೊಟ್ಟೆಗೆ ಹೋಗುತ್ತದೆ ಎಂಬುದಷ್ಟೇ ಬೇಕು.

ಅಂಬೇಡ್ಕರ್ 1948ರಲ್ಲಿ ಪ್ರಕಟಿಸಿದ 'ದಿ ಅನ್‌ಟಚಬಲ್ಸ್' ಈ ಮಡಿಯ ಚರಿತ್ರೆಯನ್ನೇ ಹುಡುಕುವ ಪುಸ್ತಕ. ಒಂದು ಕಾಲಕ್ಕೆ ದನ ತಿನ್ನುತ್ತಿದ್ದ ಬ್ರಾಹ್ಮಣರು ಬೌದ್ಧಧರ್ಮದ ಜೊತೆಗಿನ ಪೈಪೋಟಿಯಲ್ಲಿ ಅದನ್ನು ಬಿಟ್ಟು ಹಸುವನ್ನು ಪೂಜ್ಯ ಮಾಡಿದರು, ಬಿಡಲಾಗದೆ ಸತ್ತ ದನ ತಿನ್ನುತ್ತಾ ಉಳಿದವರು ಅಸ್ಪೃಶ್ಯರಾದರು ಎಂಬುದು ಅವರ ವಾದ. ಆ ಪುಸ್ತಕ ಅರ್ಪಣೆಯಾಗಿರುವುದು ನಂದನಾರ್, ರವಿದಾಸ, ಚೋಖಾಮೇಳರಿಗೆ. ರವಿದಾಸ ತೊಗಲಿನ ಕಸುಬಿನವನು ಎಂಬುದನ್ನು ನೆನೆದರೆ ಆ ಅರ್ಪಣೆಗೆ ಇನ್ನೊಂದು ಅರ್ಥ ಬರುತ್ತದೆ.

1927ರ ಮಾರ್ಚಿನ ಮಹಾಡ್ ಸತ್ಯಾಗ್ರಹವನ್ನು ಈ ಕಣ್ಣಿನಿಂದ ಮತ್ತೊಮ್ಮೆ ನೋಡಬೇಕು. ಚವದಾರ್ ಕೆರೆಯಲ್ಲಿ ದನಕರು ನೀರು ಕುಡಿಯಬಹುದಿತ್ತು, ಅಸ್ಪೃಶ್ಯರು ಮುಟ್ಟುವಂತಿರಲಿಲ್ಲ. ಅಂಬೇಡ್ಕರ್ ಮತ್ತು ಜೊತೆಗಾರರು ಮುಟ್ಟಿ ಕುಡಿದ ಮೇಲೆ ಸವರ್ಣೀಯರು ಹಾಲು, ಮೊಸರು, ಸಗಣಿ, ಗಂಜಲ ಬೆರೆಸಿದ ಗಡಿಗೆಗಳನ್ನು ಸುರಿದು ಕೆರೆಯನ್ನು ಶುದ್ಧ ಮಾಡಿದರು. ಮನುಷ್ಯನ ಕೈಯಿಂದ ಕೆಟ್ಟ ನೀರು ದನದ ಸಗಣಿಯಿಂದ ಸರಿಹೋಯಿತು! ಈ ಪ್ರಸಂಗ ಹೇಳುವಾಗ ನಾವು ಸಾಮಾನ್ಯವಾಗಿ 'ನಮ್ಮನ್ನು ಪ್ರಾಣಿಗಿಂತ ಕಡೆಯಾಗಿ ಕಂಡರು' ಅಂತ ಮುಗಿಸಿಬಿಡುತ್ತೇವೆ. ಸಿಟ್ಟು ಸರಿಯಾದದ್ದೇ. ಆದರೆ ಆ ವಾಕ್ಯದ ಒಳಗೆ ಒಂದು ಒಪ್ಪಿಗೆ ಕೂತಿದೆ. ಪ್ರಾಣಿಯನ್ನು ಕಡೆಯಾಗಿ ಕಾಣುವುದು ಸರಿ, ಮನುಷ್ಯನನ್ನು ಕಂಡದ್ದು ಮಾತ್ರ ತಪ್ಪು ಅನ್ನುವ ಒಪ್ಪಿಗೆ ಅದು. ಏಣಿ ಹಾಗೇ ಇರಲಿ, ನಮ್ಮನ್ನು ಒಂದು ಮೆಟ್ಟಿಲು ಮೇಲೆ ಹತ್ತಿಸಿ ಎಂದು ಕೇಳಿದ ಹಾಗಾಯಿತಲ್ಲ! ಮಹಾಡಿನ ಹೋರಾಟದಲ್ಲಿ ದನಗಳನ್ನು ಕೆರೆಯಿಂದ ಓಡಿಸಿ ಎಂಬ ಬೇಡಿಕೆ ಇರಲಿಲ್ಲ ಎಂಬುದನ್ನು ಮರೆಯಬಾರದು. ಕೆರೆಯಲ್ಲಿ ಎಲ್ಲರಿಗೂ ಸಾಲುವಷ್ಟು ನೀರಿತ್ತು.

4

ಈ ಏಣಿ ಮನುಷ್ಯರ ನಡುವೆ ಮಾತ್ರ ಇರುವಂಥದ್ದಲ್ಲ. ಪ್ರಾಣಿಗಳಲ್ಲೂ ವರ್ಣಗಳಿವೆ. ಬಿಳಿ ಹಸು ಮೇಲೆ, ಕರಿ ಎಮ್ಮೆ ಕೆಳಗೆ. ಹಾಲು ಹೆಚ್ಚು ಕೊಡುವ, ಕೆಸರಲ್ಲಿ ದುಡಿಯುವ ಎಮ್ಮೆಗೆ ದೇವರ ಪಟ್ಟ ಯಾಕಿಲ್ಲ ಎಂಬ ಪ್ರಶ್ನೆಯನ್ನು ಕಂಚ ಐಲಯ್ಯ 2004ರ ತಮ್ಮ 'ಬಫೆಲೋ ನ್ಯಾಷನಲಿಸಂ' ಪುಸ್ತಕದ ಹೆಸರಿನಲ್ಲೇ ಎತ್ತಿದರು. 13 ವರ್ಷದ ಎಮ್ಮೆಯನ್ನು ಬಿಟ್ಟುಕೊಟ್ಟು ಮುದಿ ಹಸುವನ್ನು ಕಾಯುವ ಕಾಯಿದೆ ಓದಿದರೆ ಈ ಪ್ರಶ್ನೆಯ ತೂಕ ಗೊತ್ತಾಗುತ್ತದೆ.

ನಮ್ಮ ಕಡೆಯ ಮಾರಿಯ ಕಥೆ ಇದಕ್ಕಿಂತ ಆಳಕ್ಕೆ ಹೋಗುತ್ತದೆ. ಕರ್ನಾಟಕದ ಹಲವು ಕಡೆ ಸಣ್ಣಪುಟ್ಟ ವ್ಯತ್ಯಾಸಗಳೊಂದಿಗೆ ಇದನ್ನು ಹೇಳುತ್ತಾರೆ. ಕೇರಿಯ ಹುಡುಗನೊಬ್ಬ ಜಾತಿ ಮುಚ್ಚಿಟ್ಟು ಬ್ರಾಹ್ಮಣರ ಹುಡುಗಿಯನ್ನು ಮದುವೆಯಾಗುತ್ತಾನೆ. ಮಕ್ಕಳಾದ ಮೇಲೆ ಗುಟ್ಟು ಬಯಲಾಗುತ್ತದೆ. ಅವಳು ಸಿಟ್ಟಿಗೆದ್ದು ಮಾರಿಯಾಗುತ್ತಾಳೆ, ಅವನು ಕೋಣನಾಗುತ್ತಾನೆ. ಜಾತ್ರೆಯಲ್ಲಿ ಆ ಕೋಣನ ತಲೆ ಬೀಳುತ್ತದೆ. ಇದರ ಅರ್ಥ ಬಿಡಿಸಲು ದೊಡ್ಡ ಪಂಡಿತರು ಬೇಕಿಲ್ಲ. ಜಾತಿ ಮೀರಿದ ಗಂಡಸಿಗೆ ಕೊಟ್ಟ ಶಿಕ್ಷೆಯನ್ನು ಊರು ಜಾತ್ರೆಜಾತ್ರೆಗೂ ಮತ್ತೆ ಮಾಡಿ ನೋಡುತ್ತದೆ. ಕಡಿಯುವ ಕಡೆ ತಮಟೆ ಬಡಿಯುವವನು, ಸತ್ತ ಕೋಣನನ್ನು ಸಾಗಿಸುವವನು ಅದೇ ಕೇರಿಯವನು. ಪ್ರಾಣಿಬಲಿ ತಡೆಯಲು 1959ರಲ್ಲೇ ಕಾಯಿದೆ ಬಂತು. ಅದನ್ನು ಬೆಂಬಲಿಸುವವರು ಹಿಂಸೆ ಅನ್ನುತ್ತಾರೆ, ವಿರೋಧಿಸುವವರು ನಮ್ಮ ಸಂಸ್ಕೃತಿ ಅನ್ನುತ್ತಾರೆ. ಈ ಎರಡು ಮಾತುಗಳ ನಡುವೆ ಕೋಣನ ಮೈಯಲ್ಲಿ ಇರುವ ಮನುಷ್ಯ ಯಾರಿಗೂ ಕಾಣುವುದಿಲ್ಲ. ದಲಿತ ವಿಮರ್ಶೆಗೆ ಕಾಣಬೇಕು. ಕೋಣನ ಬಲಿಯನ್ನು ನಾವು ವಿರೋಧಿಸುವುದಾದರೆ ವೈದಿಕರ ಅಹಿಂಸೆಯ ಸಾಲ ತೆಗೆದು ವಿರೋಧಿಸಬೇಕಾಗಿಲ್ಲ. ಆ ಕೋಣ ನಮ್ಮವನು ಎಂಬುದೇ ಸಾಕಾದ ಕಾರಣ.

ಇದು ಕಥೆಯಾಯಿತು, ನಡೆದದ್ದೇನು ಅಂತ ಕೇಳಬಹುದು. ತುಳುನಾಡಿನ ಕಂಬಳಕ್ಕೆ ಬರೋಣ. 2014ರಲ್ಲಿ ಸುಪ್ರೀಂ ಕೋರ್ಟು ಜಲ್ಲಿಕಟ್ಟನ್ನು ನಿಷೇಧಿಸಿದ ಮೇಲೆ ಕಂಬಳಕ್ಕೂ ತಡೆ ಬಂತು. 2017ರಲ್ಲಿ ರಾಜ್ಯ ಸರ್ಕಾರ ಕಾಯಿದೆ ತಿದ್ದಿತು. 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಇಷ್ಟು ವರ್ಷ ಒಂದು ಕಡೆ ಕೋಣಗಳ ನೋವಿನ ಮಾತು, ಇನ್ನೊಂದು ಕಡೆ ಪರಂಪರೆಯ ಮಾತು. ಕರ್ನಾಟಕದಲ್ಲಿ 2000ದಲ್ಲಿ ಇನ್ನೊಂದು ಕಾಯಿದೆ ಬಂದಿತ್ತು, ಕೊರಗರ ಮೇಲಿನ ಅಜಲು ಪದ್ಧತಿಯನ್ನು ನಿಷೇಧಿಸಿದ್ದು. ಅಜಲು ಎಂದರೆ ಏನೆಂದು ಆ ಕಾಯಿದೆಯೇ ವಿವರಿಸುತ್ತದೆ. ಕೂಲಿ ಕೊಡದೆ ದುಡಿಸುವುದು, ಕೂದಲು ಉಗುರು ಬೆರೆಸಿದ ಅನ್ನ ತಿನ್ನಿಸುವುದು, ಕಂಬಳ ಶುರುವಾಗುವ ಮುಂಚೆ ಕೊರಗರನ್ನು ಕೋಣಗಳ ಹಾಗೆ ಓಡಿಸುವುದು. ಇಪ್ಪತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಒಂದು ಸರ್ಕಾರ ಇದನ್ನು ನಿಷೇಧಿಸಿ ಬರೆಯಬೇಕಾಯಿತು ಅಂದರೆ ಇದು ಅಜ್ಜಿಕಥೆ ಅಲ್ಲ ಅಂತಾಯಿತು. ಕಂಬಳದ ಪರ ವಿರೋಧದ ಗದ್ದಲದಲ್ಲಿ ಈ ಓಟದ ಮಾತು ನಿಮ್ಮ ಕಿವಿಗೆ ಎಷ್ಟು ಸಲ ಬಿದ್ದಿದೆ? ಕೋಣನ ಬೆನ್ನಿನ ಬಾಸುಂಡೆ ಎಣಿಸುವ ದಯೆಗೆ ಅದೇ ಕೆಸರಿನಲ್ಲಿ ಓಡಿದ ಮನುಷ್ಯ ಕಾಣಲಿಲ್ಲ. ಹಾಗಂತ ಕೋಣನ ಬೆನ್ನಿಗೆ ಬಿದ್ದ ಏಟು ಸುಳ್ಳಾಗುವುದಿಲ್ಲ. ಒಂದೇ ಗದ್ದೆಯಲ್ಲಿ ಇಬ್ಬರನ್ನೂ ಓಡಿಸಿದವರು ಒಬ್ಬರೇ. ಅದನ್ನು ಹೇಳಲು ಕೋಣನನ್ನು ಕೈಬಿಡಬೇಕಾದ ಅಗತ್ಯ ನಮಗಿಲ್ಲ.

5

ಅದೇ ಕರಾವಳಿ ಜಿಲ್ಲೆಯ ಬದುಕಿನ ಕಾದಂಬರಿ ಕಾರಂತರ 'ಚೋಮನ ದುಡಿ' (1933). ಚೋಮನಿಗೆ ಎರಡು ಎತ್ತುಗಳಿವೆ, ಉಳಲು ನೆಲವಿಲ್ಲ. ಈ ಕಾದಂಬರಿಯನ್ನು ಭೂಮಿಯ ಹಸಿವಿನ ಕಥೆಯಾಗಿ ಓದುತ್ತಾ ಬಂದಿದ್ದೇವೆ, ಅದು ಸರಿ. ಜೊತೆಗೆ ಎತ್ತುಗಳನ್ನೂ ಸ್ವಲ್ಪ ನೋಡಬೇಕು. ಅವು ಚೋಮನ ಆಸ್ತಿಯಲ್ಲ, ಆಸೆ. ಆಸ್ತಿಯಾಗಿದ್ದರೆ ಎಂದೋ ಮಾರಿ ಸಾಲ ತೀರಿಸುತ್ತಿದ್ದ. ಒಬ್ಬ ಮಗ ಹೊಳೆಯಲ್ಲಿ ಮುಳುಗುವಾಗ ಮುಟ್ಟಿ ಎತ್ತುವವರಿಲ್ಲ. ಅದೇ ಊರಿನಲ್ಲಿ ಅವನ ಎತ್ತನ್ನು ಮುಟ್ಟಲು ಯಾರಿಗೂ ಮೈಲಿಗೆಯಿಲ್ಲ. ಸಾಕಿದವನು ಅಸ್ಪೃಶ್ಯ, ಸಾಕಿದ್ದು ಸ್ಪೃಶ್ಯ. ಕೊನೆಗೆ ಅವನು ನೇಗಿಲು ಮುರಿದು, ಎತ್ತುಗಳನ್ನು ಅಟ್ಟಿಬಿಟ್ಟು, ದುಡಿ ಬಾರಿಸುತ್ತಾ ಸಾಯುತ್ತಾನೆ. ಎತ್ತುಗಳನ್ನು ಬಿಟ್ಟದ್ದು ಸೋಲು ಅಂತ ಓದುವುದು ರೂಢಿ. ಆದರೆ ತನಗೆ ಸಿಗದ ಬಿಡುಗಡೆಯನ್ನು ಅವನು ಎತ್ತುಗಳಿಗೆ ಕೊಟ್ಟ ಅಂತಲೂ ಓದಬಹುದಲ್ಲ? ಕೊನೆಯವರೆಗೆ ಅವನ ಜೊತೆ ಉಳಿದ ದನಿ ದುಡಿಯದು. ಅದೂ ಯಾವುದೋ ಸತ್ತ ಪ್ರಾಣಿಯ ತೊಗಲಿನ ದನಿ.

ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967) ಕಾದಂಬರಿಯ ಗುತ್ತಿ ಜೀತದ ಹೊಲೆಯ. ಅವನಿಗೆ ನಾಯಿಗುತ್ತಿ ಎಂದು ಹೆಸರು, ಹುಲಿಯ ಎಂಬ ನಾಯಿ ಸದಾ ಅವನ ಬೆನ್ನ ಹಿಂದೆ. ಊರಿನವರ ಬಾಯಲ್ಲಿ ಆ ಹೆಸರು ತಾತ್ಸಾರ. ಮನುಷ್ಯನನ್ನು ನಾಯಿಯ ಜೊತೆ ಸೇರಿಸಿ ಕರೆದರೆ ಅವನು ಕಡಿಮೆಯಾದ ಅನ್ನುವ ಲೆಕ್ಕ. ಕಾದಂಬರಿ ಈ ಲೆಕ್ಕವನ್ನು ಒಪ್ಪುವುದಿಲ್ಲ. ತುಂಗೆಯ ಪ್ರವಾಹದಲ್ಲಿ ಹುಲಿಯ ಕೊಚ್ಚಿಹೋಗುವ ಭಾಗವನ್ನು ಕುವೆಂಪು ಮನುಷ್ಯನ ಸಾವಿನಷ್ಟೇ ಭಾರವಾಗಿ ಬರೆದಿದ್ದಾರೆ. ನಾಯಿಯ ಜೊತೆ ಇದ್ದದ್ದರಿಂದ ಗುತ್ತಿ ಕಿರಿದಾಗುವುದಿಲ್ಲ, ಆ ಸಂಬಂಧವೇ ಅವನ ಘನತೆ. ಕನ್ನಡದ ದೊಡ್ಡ ಕಾದಂಬರಿಯೊಂದು ಏಣಿಯನ್ನು ಪಕ್ಕಕ್ಕೆ ಸರಿಸಿದ ಗಳಿಗೆ ಇದು.

ಇನ್ನು ದೇವನೂರರ 'ಒಡಲಾಳ'. ಸಾಕವ್ವ ಕಳೆದುಹೋದ ತನ್ನ ಹುಂಜಕ್ಕಾಗಿ ಊರೆಲ್ಲ ಹುಡುಕುತ್ತಾಳೆ, ಶಾಪ ಹಾಕುತ್ತಾಳೆ. ಆ ಹುಂಜ ಯಾವುದರ ಸಂಕೇತ ಅಂತ ನಮ್ಮ ವಿದ್ಯಾರ್ಥಿಗಳು ಕೇಳುತ್ತಾರೆ. ಕೇಳುವ ಹಾಗೆ ನಾವು ಕಲಿಸಿದ್ದೇವೆ. ಅದು ಸಂಕೇತ ಅಲ್ಲ, ಹುಂಜ. ಅವಳು ಕಾಳು ಹಾಕಿ ಬೆಳೆಸಿದ್ದು, ಒಂದು ದಿನ ಕಡಿಯಬಹುದಾದದ್ದು, ಕಳೆದರೆ ಕರುಳು ಕಿವುಚುವಂಥದ್ದು. ಈ ಮೂರೂ ಒಟ್ಟಿಗೇ ನಿಜ. ತಿನ್ನುವುದಕ್ಕೂ ಪ್ರೀತಿಸುವುದಕ್ಕೂ ವಿರೋಧ ಇದೆ ಎಂಬುದು ಅಗ್ರಹಾರದ ತರ್ಕ, ಸಾಕವ್ವನ ಅಂಗಳದಲ್ಲಿ ಅದು ನಡೆಯುವುದಿಲ್ಲ. ಅದೇ ಮನೆಯ ಗೋಡೆಯ ಮೇಲೆ ಪುಟ್ಟಗೌರಿ ಬರೆಯುವ ನವಿಲೂ ಇದೆ. ಒಂದು ಹಕ್ಕಿಯನ್ನು ಸಾಕಿ ತಿನ್ನುವ, ಇನ್ನೊಂದು ಹಕ್ಕಿಯನ್ನು ಗೋಡೆಗೆ ಕರೆತರುವ ಈ ಮನೆಗೆ ಪ್ರಾಣಿದಯೆಯ ಪಾಠ ಹೇಳಲು ಹೊರಗಿನಿಂದ ಯಾರೂ ಬರಬೇಕಾಗಿಲ್ಲ.

6

ಈ ಓದುಗಳಿಂದ ನಾವು ಎಲ್ಲಿಗೆ ಬಂದೆವು? ಕೇರಿಯವರು ಪ್ರಾಣಿಗಳ ವಿಷಯದಲ್ಲಿ ಸಹಜವಾಗಿಯೇ ಒಳ್ಳೆಯವರು ಎಂದು ನಾನು ಹೇಳುತ್ತಿಲ್ಲ. ಗಾಡಿಯ ಎತ್ತಿಗೆ ಬೀಳುವ ಬಾರುಕೋಲು ಯಾರ ಕೈಯಲ್ಲಿದ್ದರೂ ಒಂದೇ ಥರ ನೋಯಿಸುತ್ತದೆ. ಹಂದಿಯ ಕಾಲು ಕಟ್ಟಿ ಸೈಕಲ್ಲಿಗೆ ತಲೆಕೆಳಗು ತೂಗುಹಾಕಿಕೊಂಡು ಹೋಗುವಾಗ ಅದು ಅರಚುವುದು ನೋವಿಗೇ. ದನದ ಮಾಂಸ ತಿನ್ನುವುದು ನಮ್ಮ ಹಕ್ಕು ಎಂದು ಸಭೆಗಳಲ್ಲಿ ತಿಂದು ತೋರಿಸಿದ್ದೇವೆ, ಅದು ಬೇಕಾಗಿತ್ತು. ಆದರೆ ತಿನ್ನುವ ಹಕ್ಕಿನ ಪ್ರಶ್ನೆ ಬೇರೆ, ಪ್ರಾಣಿ ಹೇಗೆ ಬದುಕಿತು, ಎಷ್ಟು ನೊಂದು ಸತ್ತಿತು ಎಂಬ ಪ್ರಶ್ನೆ ಬೇರೆ. ಮೊದಲನೆಯದಕ್ಕಾಗಿ ಎರಡನೆಯದನ್ನು ನುಂಗಿಕೊಂಡರೆ ನಮ್ಮ ಮಾತಿಗೇ ಮೋಸ.

ಎರಡನೆಯ ಪ್ರಶ್ನೆಯನ್ನು ನಾವು ಕೇಳಲು ಶುರುಮಾಡಿದರೆ ಉತ್ತರ ಹೇಳಬೇಕಾದವರು ಬೇರೆಯವರಾಗುತ್ತಾರೆ. ಹಾಲು ಕುಡಿಯುವವರನ್ನೇ ಕೇಳಿ. ಮಿಶ್ರತಳಿ ಹಸು ಹಾಲು ಕೊಡಬೇಕಾದರೆ ಈಯಬೇಕು, ಈದದ್ದರಲ್ಲಿ ಅರ್ಧ ಗಂಡುಕರು. ಟ್ರಾಕ್ಟರು ಬಂದ ಮೇಲೆ ಉಳುವ ಎತ್ತು ಯಾರಿಗೂ ಬೇಡ. ಆ ಗಂಡುಕರು ಎಲ್ಲಿಗೆ ಹೋಗುತ್ತದೆ? ಮಾರುವ ಹಾಗಿಲ್ಲ, ಸಾಕಲು ಬಡ ರೈತನ ಕೈಲಿ ಆಗುವುದಿಲ್ಲ. ಹಾಲು ಬಿಡಿಸಿ ಬೀದಿಗೆ ಬಿಡುತ್ತಾರೆ, ಅದು ಹಸಿದು ಸಾಯುತ್ತದೆ. ಕತ್ತಿ ಕಾಣದ ಕಾರಣ ಇದು ಹತ್ಯೆಯಲ್ಲ, ಕಾಫಿ ಕುಡಿದವರ ಮಡಿಗೂ ಧಕ್ಕೆಯಿಲ್ಲ. ಮಾಂಸದ ಅಂಗಡಿಯ ಮುಂದೆ ನಿಲ್ಲುವ ಪ್ರಾಣಿದಯೆ ಹಾಲಿನ ಬೂತಿನ ಮುಂದೆ ಯಾಕೆ ನಿಲ್ಲುವುದಿಲ್ಲ ಎಂದು ಕೇಳಬೇಕಾದವರು ನಾವು.

ಕಾಡಿನ ವಿಷಯದಲ್ಲೂ ಇದೇ ಮಾತು. ಹುಲಿ ಉಳಿಸಲು ಸೋಲಿಗರನ್ನು ಕಾಡಿನಿಂದ ಹೊರಗಿಡಬೇಕು ಅನ್ನುತ್ತಿದ್ದರು. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಅರಣ್ಯ ಹಕ್ಕು ಕಾಯಿದೆಯಡಿ ಹುಲಿ ಮೀಸಲು ಪ್ರದೇಶದೊಳಗೇ ಸಮುದಾಯದ ಹಕ್ಕು ಪಡೆದರು. ಹುಲಿಯ ಹಕ್ಕೂ ಸೋಲಿಗನ ಹಕ್ಕೂ ಒಂದೇ ನೆಲದ ಮೇಲೆ ನಿಲ್ಲಬಹುದು ಎಂದು ಕಾಗದದ ಮೇಲಾದರೂ ಒಪ್ಪಿದಂತಾಯಿತು.

2016ರ ಜುಲೈನಲ್ಲಿ ಗುಜರಾತಿನ ಊನಾದಲ್ಲಿ ಸತ್ತ ಹಸುವಿನ ಚರ್ಮ ಸುಲಿಯುತ್ತಿದ್ದ ದಲಿತರನ್ನು ಬೆತ್ತಲೆ ಮಾಡಿ, ಗಾಡಿಗೆ ಕಟ್ಟಿ ಹೊಡೆದರು. ಅದಾದ ಮೇಲೆ ಅಲ್ಲಿಯ ದಲಿತರು ಸತ್ತ ದನಗಳನ್ನು ತಂದು ಸುರೇಂದ್ರನಗರದ ಕಲೆಕ್ಟರ್ ಕಚೇರಿಯ ಮುಂದೆ ಸುರಿದರು. ಇನ್ನು ಹೊರುವುದಿಲ್ಲ ಎಂದರು. ಹಸುವಿನ ಬಾಲ ನೀವೇ ಇಟ್ಟುಕೊಳ್ಳಿ, ನಮಗೆ ಭೂಮಿ ಕೊಡಿ ಎಂಬ ಕೂಗು ಎದ್ದಿತು. ಪುಣ್ಯಕೋಟಿ ಕೊನೆಗೂ ಸತ್ತದ್ದು ಅವತ್ತು, ಕಲೆಕ್ಟರ್ ಕಚೇರಿಯ ಮುಂದೆ, ಎಲ್ಲರ ಮೂಗಿಗೂ ಬಡಿಯುವ ಹಾಗೆ. ಚೋಮ 1933ರಲ್ಲಿ ಕೇಳಿದ್ದನ್ನೇ 83 ವರ್ಷಗಳ ಮೇಲೆ ಊನಾದವರು ಕೇಳಿದರು. ವ್ಯತ್ಯಾಸ ಇಷ್ಟೇ. ಚೋಮ ಒಳಗೆ ಕೂತು ದುಡಿ ಬಾರಿಸಿದ, ಇವರು ಬೀದಿಗೆ ಬಂದರು.

ಪ್ರಾಣಿಗಳಿಗೆ ಹಕ್ಕಿದೆ ಎಂಬ ಮಾತನ್ನು ದಲಿತ ವಿಮರ್ಶೆ ಒಪ್ಪಬೇಕು. ಒಪ್ಪುವಾಗ ತನ್ನ ಷರತ್ತನ್ನೂ ಹೇಳಬೇಕು. ಹಸುವಿಗೆ ಹಕ್ಕು ಕೊಡುವವರು ಎಮ್ಮೆಗೂ ಕೊಡಲಿ. ಹೊಡೆದದ್ದಕ್ಕೂ ಹಸಿವಿಗೆ ಕೆಡವಿದ್ದಕ್ಕೂ ಲೆಕ್ಕ ಕೇಳಲಿ. ಪ್ರಾಣಿಯನ್ನು ಸಾಕುವವರಿಗೆ ನೆಲ ಕೊಡಲಿ, ಸತ್ತದ್ದನ್ನು ಹೊರುವ ಕೆಲಸವನ್ನು ಒಂದು ಜಾತಿಯ ಹೆಗಲಿನಿಂದ ಇಳಿಸಲಿ. ನಮ್ಮ ಬರಹಗಾರರೂ 'ಪ್ರಾಣಿಗಿಂತ ಕಡೆ' ಎಂದು ಬರೆಯುವ ಮುಂಚೆ ಒಂದು ಗಳಿಗೆ ಯೋಚಿಸಲಿ. ವಿದ್ಯಾರ್ಥಿ ಗೆಳೆಯರಿಗೆ ಒಂದು ಮಾತು. ಪ್ರಾಣಿ ಇರುವ ಕನ್ನಡದ ಯಾವ ಪಠ್ಯ ಓದಿದರೂ ಮೂರು ಪ್ರಶ್ನೆ ಕೇಳಿ ನೋಡಿ. ಇದಕ್ಕೆ ಮೇವು ಹಾಕಿದವರು ಯಾರು, ಇದರ ಹಾಲು ಕುಡಿದವರು ಯಾರು, ಸತ್ತಾಗ ಹೊತ್ತವರು ಯಾರು. ಮೂರಕ್ಕೂ ಬೇರೆ ಬೇರೆ ಹೆಸರು ಸಿಕ್ಕಿದರೆ ಅಲ್ಲಿಂದ ನಮ್ಮ ವಿಮರ್ಶೆ ಶುರುವಾಗಬೇಕು.